ಕೂಳೆ ಬೆಳೆ

ಕನ್ನಡದಲ್ಲಿ ನಾವು ತೆಂಗಿನಕಾಯಿಯನ್ನೂ ಹೆರೆಯುತ್ತೇವೆ, ಗಡ್ಡವನ್ನೂ ಹೆರೆಯುತ್ತೇವೆ. ಭಾಷೆ ಬಾರದವರಿಗೆ ಇದನ್ನು ಬಿಡಿಸಿ ಹೇಳಿದರೆ ಗಾಬರಿಯಾದಾರು. ತಿಪಟೂರು ಸೀಮೆಯ ತೆಂಗಿನ ತೋಟಗಳ ನಡುವೆ ಹುಟ್ಟಿದ ನನಗೆ ಮಾತ್ರ ಅದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ. ಬೆಳಗ್ಗೆ ಹಾಸಿಗೆಯಲ್ಲಿ ಮಲಗಿದ್ದಾಗಲೇ ಎರಡೂ ಸದ್ದು ಕೇಳುತ್ತಿತ್ತು. ಒಳಗಡೆ ಅಮ್ಮ ಹೆರೆಮಣೆಯ ಮೇಲೆ ಕೂತು ಚಟ್ನಿಗೆ ಕಾಯಿ ಹೆರೆಯುತ್ತಿದ್ದರೆ, ಹೊರಗೆ ಜಗಲಿಯಲ್ಲಿ ಅಪ್ಪ ಚಕ್ಕಂಬಕ್ಕಳ ಹಾಕಿ ಕೂತು ಗಡ್ಡ ಹೆರೆಯುತ್ತಿದ್ದರು. ಸರ್ ಸರ್ ಅಂತ ನಾಲ್ಕು ಸಲ, ಆಮೇಲೊಂದು ನಿಲುಗಡೆ. ಅಮ್ಮ ನಿಲ್ಲಿಸುತ್ತಿದ್ದುದು ಚಿಪ್ಪು ತಿರುಗಿಸಲು. ಅಪ್ಪ ನಿಲ್ಲಿಸುತ್ತಿದ್ದುದು ರೇಜರನ್ನು ಚೊಂಬಿನ ನೀರಿಗೆ ಅದ್ದಿ ಅಲ್ಲಾಡಿಸಲು. ಲಯ ಮಾತ್ರ ಒಂದೇ.

ಕಬ್ಬು ಕಡಿದ ಮೇಲೆ ಉಳಿದ ಬುಡದಿಂದ ತಾನೇ ಚಿಗುರಿ ಬರುವ ಬೆಳೆಗೆ ಕೂಳೆ ಬೆಳೆ ಎನ್ನುತ್ತಾರೆ. ಅಜ್ಜ ತನ್ನ ಗಡ್ಡಕ್ಕೆ ಇಟ್ಟಿದ್ದ ಹೆಸರೂ ಅದೇ. 'ಬಿತ್ತೋ ಹಂಗಿಲ್ಲ, ನೀರು ಕಟ್ಟೋ ಹಂಗಿಲ್ಲ, ಕೊಯ್ಲು ಮಾತ್ರ ತಪ್ಪಲ್ಲ' ಅನ್ನುತ್ತಿದ್ದ. ಆ ಕೊಯ್ಲಿಗೆ ಅಜ್ಜ ಎಂದೂ ಸ್ವಂತ ಕೈ ಹಚ್ಚಿದವನಲ್ಲ. ಊರಿನ ಹನ್ನೆರಡು ಆಯಗಾರರಲ್ಲಿ ಕ್ಷೌರಿಕನೂ ಒಬ್ಬ. ವರ್ಷವಿಡೀ ಊರಿನ ಮುಖಗಳನ್ನು ನೋಡಿಕೊಂಡು, ಸುಗ್ಗಿಯಲ್ಲಿ ಕಣದಿಂದ ರಾಗಿ ಅಳೆಸಿಕೊಂಡು ಹೋಗುವ ಲೆಕ್ಕ. ಸೋಮವಾರ ಬೆಳಗ್ಗೆ ಆತ ಬಂದು ಹುಣಸೆಮರದ ಕೆಳಗೆ ಕೂತು, ಚರ್ಮದ ಪಟ್ಟಿಗೆ ಕತ್ತಿ ಮಸೆಯಲು ಶುರುಮಾಡಿದರೆ ಅಜ್ಜ ವಲ್ಲಿ ಹೊದ್ದು ಮುಂದೆ ಕೂರುತ್ತಿದ್ದ. ಅಲ್ಲಿ ಊರ ಸುದ್ದಿಯ ಕೊಯ್ಲೂ ಆಗುತ್ತಿತ್ತು.

ಹೀಗಿದ್ದ ಮನೆಯಲ್ಲಿ ಅಪ್ಪ, ಪ್ರೈಮರಿ ಶಾಲೆಯ ಮೇಷ್ಟ್ರು, ತನ್ನ ಗಡ್ಡ ತಾನೇ ಹೆರೆದುಕೊಳ್ಳಲು ಹೊರಟಾಗ ಅಜ್ಜನಿಗೆ ಅದು ಅಷ್ಟು ಮರ್ಯಾದೆಯ ಕೆಲಸವಾಗಿ ಕಾಣಲಿಲ್ಲ. ಆದರೆ ಬಾಯಿ ಬಿಡುವ ಹಾಗೂ ಇರಲಿಲ್ಲ. ಏಕೆಂದರೆ ಶೇವಿಂಗ್ ಸೆಟ್ ಬಂದದ್ದು ಬೀಗರ ಕಡೆಯಿಂದ. 1967ರ ಮದುವೆಯಲ್ಲಿ ಅಮ್ಮನ ಅಪ್ಪ ಅಳಿಯನಿಗೆ ಕೊಡೆ, ಪಂಚೆ, ವಾಚಿನ ಜೊತೆಗೆ ಅದನ್ನೂ ಕೊಟ್ಟಿದ್ದರಂತೆ. ಒಳಗೆ ಕೆಂಪು ಮಖಮಲ್ಲು ಹಾಸಿದ ಪೆಟ್ಟಿಗೆ. ಅದರಲ್ಲಿ ಹಿತ್ತಾಳೆಗೆ ಬೆಳ್ಳನೆ ಹೊಳಪು ಕೊಟ್ಟ ರೇಜರು, ಮೂರು ತುಂಡು: ಹಿಡಿ, ತಟ್ಟೆ, ಮೇಲಿನ ಟೋಪಿ. ಪಕ್ಕದಲ್ಲಿ ಒಂದು ಬ್ರಷ್ಷು. ಬ್ರಷ್ಷಿನ ಕೂದಲು ಹಂದಿಯದು ಎಂದು ಯಾರೋ ಅಜ್ಜಿಯ ಕಿವಿಗೆ ಹಾಕಿದ್ದರಿಂದ ಅದಕ್ಕೆ ಮನೆಯೊಳಗೆ ಪ್ರವೇಶ ಸಿಗಲಿಲ್ಲ. ಅಜ್ಜಿ ಹೋಗುವವರೆಗೂ ಅದು ಬಚ್ಚಲುಮನೆಯ ಹೊರಗೋಡೆಯ ಗೂಡಿನಲ್ಲೇ ವಾಸ ಮಾಡಿತು.

ಅಪ್ಪ ಬ್ಲೇಡನ್ನು ನೋಡಿಕೊಳ್ಳುತ್ತಿದ್ದ ರೀತಿಯನ್ನು ಸ್ವಲ್ಪ ಹೇಳಬೇಕು. ಆಗಿನ ಕೆಲವು ಬ್ಲೇಡುಗಳ ನಾಲ್ಕು ಮೂಲೆಯಲ್ಲಿ 1, 2, 3, 4 ಎಂದು ಸಣ್ಣ ಅಂಕಿ ಇರುತ್ತಿದ್ದವು, ಯಾವ ಅಂಚು ಬಳಸಿಯಾಯಿತು, ಯಾವುದು ಬಾಕಿ ಎಂದು ಗುರುತಿಗೆ. ಆ ಅಂಕಿಗಳನ್ನು ನಿಜವಾಗಿ ಓದಿ ಪಾಲಿಸಿದ ಮನುಷ್ಯನನ್ನು ನಾನು ನೋಡಿದ್ದರೆ ಅದು ನಮ್ಮಪ್ಪ ಒಬ್ಬರೇ. ಹಾಜರಿ ಪುಸ್ತಕದ ಶಿಸ್ತು. ಈ ದಿನ ಒಂದನೆಯ ಮೂಲೆ ಮೇಲಿದ್ದರೆ ಮುಂದಿನ ಸಲ ಮೂರನೆಯದು. ಮೊಂಡಾಯಿತು ಅನ್ನಿಸಿದಾಗ ಗಾಜಿನ ಲೋಟದ ಒಳಮೈಗೆ ಬ್ಲೇಡನ್ನು ಒತ್ತಿ, ಎರಡು ಬೆರಳಲ್ಲಿ ಅತ್ತಿತ್ತ ಉಜ್ಜಿ ಮತ್ತೆರಡು ದಿನ ಎಳೆಯುತ್ತಿದ್ದರು. ಅದೂ ಮುಗಿದರೆ ಬ್ಲೇಡು ನಿವೃತ್ತಿಯಾಗುತ್ತಿರಲಿಲ್ಲ, ವರ್ಗಾವಣೆಯಾಗುತ್ತಿತ್ತು. ಉದ್ದಕ್ಕೆ ಎರಡಾಗಿ ಮುರಿದು ಒಂದರ್ಧ ನನ್ನ ಪೆನ್ಸಿಲ್ ಚೂಪು ಮಾಡಲು, ಇನ್ನೊಂದರ್ಧ ಅಮ್ಮನ ಹೊಲಿಗೆ ಡಬ್ಬಿಗೆ, ಹೊಲಿಗೆ ಬಿಚ್ಚಲು. ಮುಂದೆ ಪಿಯುಸಿಯಲ್ಲಿ ಸಸ್ಯಶಾಸ್ತ್ರದ ಲ್ಯಾಬಿಗೆ ಕಾಂಡದ ತೆಳುವಾದ ಬಿಲ್ಲೆ ಕೊಯ್ಯಲು ಹೊಸ ಬ್ಲೇಡು ತನ್ನಿ ಎಂದಾಗ, ನಾನು ಜೀವನದಲ್ಲಿ ಮೊದಲ ಬಾರಿಗೆ ಇಡೀ ಬ್ಲೇಡಿಗೆ ಒಡೆಯನಾದೆ. ಟೋಪಾಜ್. ಎಣ್ಣೆಯ ಸಣ್ಣ ವಾಸನೆ, ಒಳಕಾಗದಕ್ಕೆ ಅಂಟಿದ್ದ ಎರಡು ಚುಕ್ಕೆ ಮೇಣ. ಆ ದಿನ ಕೊಯ್ದದ್ದು ಕಾಂಡಕ್ಕಿಂತ ಹೆಬ್ಬೆರಳೇ ಹೆಚ್ಚು.

1993ರಲ್ಲಿ ಬೆಂಗಳೂರಿನಲ್ಲಿ ನನಗೆ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಅಮ್ಮನಿಗೆ ಸೀರೆ ಕೊಂಡೆ. ಅಪ್ಪನಿಗೆ ಕೊಂಡದ್ದು ಎರಡಲಗಿನ ಪ್ಲಾಸ್ಟಿಕ್ ರೇಜರಿನ ಒಂದು ಕಟ್ಟು. 'ಇದು ಯೂಸ್ ಅಂಡ್ ಥ್ರೋ ಅಪ್ಪ. ನಾಲ್ಕೈದು ಸಲ ಆದಮೇಲೆ ಎಸೆದುಬಿಡಿ' ಎಂದು ದೊಡ್ಡದಾಗಿ ಪಾಠ ಹೇಳಿದೆ. ಅಪ್ಪ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. 'ಎಸೆಯೋದಾ?' ಎಂದಷ್ಟೇ ಕೇಳಿದರು.

ನಮ್ಮ ಮನೆಯಲ್ಲಿ ಯೂಸ್ ಇತ್ತು, ಥ್ರೋ ಇರಲಿಲ್ಲ. ಆರು ತಿಂಗಳಾದ ಮೇಲೆ ಊರಿಗೆ ಹೋದಾಗ ಕಟ್ಟಿನಲ್ಲಿದ್ದ ಐದರಲ್ಲಿ ಮೂರು ಹಾಗೇ ಇದ್ದವು. ಒಂದೊಂದನ್ನು ಮೂರು ತಿಂಗಳು ಬಾಳಿಸುತ್ತಿದ್ದರು! ಉಪಾಯ ಕೇಳಿದರೆ ನಕ್ಕರು. ಗಡ್ಡ ಮಾಡಿದ ಮೇಲೆ ತೊಳೆದು, ಕೊಡವಿ, ಪಂಚೆಯ ಅಂಚಿನಲ್ಲಿ ಒತ್ತಿ, ಅಲಗಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಇಡುತ್ತಿದ್ದರಂತೆ. ತಿಪಟೂರಿನವರಿಗೆ ಕೊಬ್ಬರಿ ಎಣ್ಣೆ ಉತ್ತರವಾಗದ ಪ್ರಶ್ನೆ ಯಾವುದಿದೆ? ಎಸೆಯಲೆಂದೇ ಹುಟ್ಟಿದ ವಸ್ತುವಿಗೆ ಅಷ್ಟು ಉಪಚಾರ ಇನ್ನೆಲ್ಲೂ ಸಿಕ್ಕಿರಲಾರದು. ಹಳೆಯ ಸೆಟ್ ಮಾತ್ರ ಅಟ್ಟ ಸೇರಿತು. ಮಗ ತಂದುಕೊಟ್ಟಿದ್ದಾನೆ, ಬಳಸದಿದ್ದರೆ ಬೇಜಾರು ಮಾಡಿಕೊಂಡಾನು ಎಂದು.

2004ರಲ್ಲಿ ಹೆಂಚು ಇಳಿಸಿ ತಾರಸಿ ಹಾಕಿಸುವಾಗ ಅಟ್ಟ ಖಾಲಿ ಮಾಡಿದವನು ನಾನೇ. ಮುರಿದ ದೀಪಾಲೆ ಕಂಬ, ತೂತು ಬಿದ್ದ ಚೊಂಬು, ಕಿವಿ ಹೋದ ಬೋಗುಣಿ, ಎಲ್ಲ ಒಂದು ಗೋಣಿಗೆ. ಗುಜರಿಯವನು ಬಾಗಿಲಲ್ಲೇ ಸ್ಪ್ರಿಂಗಿನ ತಕ್ಕಡಿಗೆ ತೂಗುಹಾಕಿದ. ಹಿತ್ತಾಳೆಗೆ ಕಿಲೋ ಲೆಕ್ಕ. ಮಖಮಲ್ಲಿನ ಪೆಟ್ಟಿಗೆಗೆ ಬೆಲೆಯಿಲ್ಲ ಎಂದು ರೇಜರನ್ನು ಮಾತ್ರ ತೆಗೆದುಕೊಂಡು, ಪೆಟ್ಟಿಗೆ ವಾಪಸು ಕೊಟ್ಟ. ಅಪ್ಪ ಪಕ್ಕದಲ್ಲೇ ನಿಂತು ಮುಳ್ಳು ಎಲ್ಲಿಗೆ ಬಂತೆಂದು ನೋಡುತ್ತಿದ್ದರು, ಏನೂ ಅನ್ನಲಿಲ್ಲ. ಅಂದದ್ದು ಅಮ್ಮ, ಅದೂ ರಾತ್ರಿ ಊಟಕ್ಕೆ ಕೂತಾಗ. 'ನಮ್ಮಪ್ಪ ಕೊಟ್ಟಿದ್ದನ್ನ ತೂಕಕ್ಕೆ ಹಾಕಿದೆಯಲ್ಲೋ.' ಆ ಮಾತನ್ನು ಇಪ್ಪತ್ತು ವರ್ಷದಲ್ಲಿ ಅಮ್ಮ ಮತ್ತೆ ಎತ್ತಿದ್ದು ಮೂರೋ ನಾಲ್ಕೋ ಬಾರಿ ಮಾತ್ರ. ಲೆಕ್ಕ ನಾನು ಇಟ್ಟಿದ್ದೇನೆ.

ನನ್ನ ಗಡ್ಡವೂ ಆ ಇಪ್ಪತ್ತು ವರ್ಷ ಕಾಲಕ್ಕೆ ತಕ್ಕಂತೆ ನಡೆಯಿತು. ಎರಡಲಗು ಮೂರಲಗಾಯಿತು, ಮೂರು ಐದಾಯಿತು. ಹಿಡಿಗೆ ರಬ್ಬರು, ತುದಿಗೆ ಜಾರುವ ಪಟ್ಟಿ, ಕತ್ತು ಅಲ್ಲಾಡಿಸುವ ಕೀಲು. ಎರಡು ವರ್ಷದ ಹಿಂದೆ ಒಂದು ದೊಡ್ಡ ಅಂಗಡಿಯಲ್ಲಿ ಆ ತುದಿಗಳ ಪೊಟ್ಟಣಕ್ಕೆ ಕೈ ಹಾಕಿದರೆ ಅದು ಗಾಜಿನ ಕಪಾಟಿನೊಳಗೆ ಬೀಗದಲ್ಲಿತ್ತು. ಮಗ್ಗುಲಲ್ಲಿ ಕೇಸರಿ, ಏಲಕ್ಕಿ ಕೂಡ ಬೀಗವಿಲ್ಲದೆ ಬಿದ್ದಿದ್ದವು. ಬೀಗದ ಕೈ ಇದ್ದ ಹುಡುಗಿ ಊಟಕ್ಕೆ ಹೋಗಿದ್ದಳು. ಕಾಲು ಗಂಟೆ ಕಾದೆ. ಒಂದೊಂದು ತುದಿಗೆ ನೂರೈವತ್ತು ರೂಪಾಯಿಗೆ ಮೇಲೆ. ಕೊಯ್ಲಿಗಿಂತ ಕುಡುಗೋಲಿನ ಖರ್ಚೇ ಹೆಚ್ಚಾಯಿತಲ್ಲ ಅನ್ನಿಸಿದ್ದು ಆ ಕಾಲು ಗಂಟೆಯಲ್ಲಿ. ನಮ್ಮಲ್ಲಿ ದುಡ್ಡು ಕಟ್ಟಿಸಿಕೊಂಡು ರಾತ್ರೋರಾತ್ರಿ ಮಾಯವಾಗುವ ಸಂಸ್ಥೆಗೆ ಬ್ಲೇಡ್ ಕಂಪನಿ ಎನ್ನುತ್ತಾರೆ. ಮಾಯವಾಗದೆ ಎದುರಿಗೇ ನಿಂತು ಕೀಳುವವರಿಗೂ ಒಂದು ಹೆಸರು ಬೇಕು.

ಹುಡುಗಿ ಬರುವ ಮೊದಲೇ ಹೊರಟುಬಂದೆ. ವಾರದೊಳಗೆ ಸಾವಿರದ ಇನ್ನೂರು ಕೊಟ್ಟು ಒಂದು ಲೋಹದ ರೇಜರ್ ತರಿಸಿದೆ. ಮೂರು ತುಂಡು: ಹಿಡಿ, ತಟ್ಟೆ, ಟೋಪಿ.

ಅದನ್ನು ಜೋಡಿಸುವುದೇ ಒಂದು ಸುಖ. ಬ್ಲೇಡು ಎಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು ದಪ್ಪ, ನೀವು ಬರೆಯುವ ಹಾಳೆಯಷ್ಟು. ಅಂಗೈಯಲ್ಲಿ ಇಟ್ಟುಕೊಂಡರೆ ಬಾಳೆಸುಳಿಯ ಹಾಗೆ ಬಳುಕುತ್ತದೆ. ಇಂಥ ಬಳುಕುವ ತಗಡು ಕತ್ತಿಯಾಗುವುದು ಹಿಡಿಯನ್ನು ತಿರುವಿ ಬಿಗಿ ಮಾಡಿದಾಗ. ಟೋಪಿಯ ಕೆಳಮೈ ಕಮಾನಿನಂತಿದೆ. ತಟ್ಟೆ ಮೇಲೊತ್ತಿದಂತೆ ಬ್ಲೇಡು ಆ ಕಮಾನಿಗೆ ಮೈಯೊಡ್ಡಿ ಬಾಗುತ್ತದೆ, ಬಾಗಿದ್ದರಿಂದಲೇ ಸೆಟೆದು ನಿಲ್ಲುತ್ತದೆ. ಬಿದಿರಿನ ಸೀಳಿಗೆ ಹೆದೆ ಕಟ್ಟಿದಾಗ ಬಿಲ್ಲಾಗುವುದಿಲ್ಲವೆ, ಹಾಗೆ. ಎರಡು ಬದಿಗೂ ಕೂದಲೆಳೆಯಷ್ಟು ಅಂಚು ಹೊರಗೆ ಇಣುಕುತ್ತದೆ, ಅದರ ಕೆಳಗೆ ಚರ್ಮವನ್ನು ತಡೆದು ಹಿಡಿಯಲು ಒಂದು ಕಂಬಿ. ಸೇಫ್ಟಿ ಎನ್ನುವುದೆಲ್ಲ ಆ ಕಂಬಿಯೊಂದರ ಮೇಲೆ ನಿಂತಿದೆ.

ಮೊದಲ ದಿನ ಅದು ನಿಲ್ಲಲಿಲ್ಲ. ಎರಡಲಗಿನಿಂದ ಐದಲಗಿನವರೆಗಿನ ಪ್ಲಾಸ್ಟಿಕ್ಕು ಮೂವತ್ತು ವರ್ಷ ನನ್ನ ಕೈಗೆ ಒತ್ತುವುದನ್ನು ಕಲಿಸಿತ್ತು. ಅದೇ ಒತ್ತಿನಲ್ಲಿ ಎಳೆದೆ. ಗದ್ದದಲ್ಲಿ ಮೂರು, ಮೇಲ್ದುಟಿಯ ಹತ್ತಿರ ಒಂದು, ಗಂಟಲ ಮಣಿಯ ಮೇಲೆ ಒಂದು. ಹಳೇ ಪೇಪರಿನ ಚೂರು ಅಂಟಿಸಿಕೊಂಡು ತಿಂಡಿಗೆ ಬಂದು ಕೂತೆ. ಹೆಂಡತಿ ದೋಸೆ ಹಾಕುತ್ತ, 'ರೀ, ರಾಜಕೀಯದ ಪುಟ ಅಂಟಿಸಿಕೊಂಡಿದೀರ. ನಂಜಾದೀತು' ಎಂದಳು. ಅಮ್ಮ ಕನ್ನಡಕ ಏರಿಸಿ ಹತ್ತಿರ ಬಂದು ನೋಡಿ, 'ಏನೋ ಇದು, ಬೆಕ್ಕೇನಾದ್ರೂ ಪರಚ್ತೇನೋ?' ಎಂದಳು. ಆಮೇಲೆ ದೇವರ ಮನೆಯ ಗೂಡಿನಿಂದ ಪಟಿಕದ ಕಲ್ಲು ತಂದುಕೊಟ್ಟಳು. ಅದು ದೇವರ ಮನೆಗೆ ಹೇಗೆ ಬಂತೋ ಕೇಳಬೇಡಿ. ನೀರಲ್ಲಿ ಅದ್ದಿ ಒರೆಸಿಕೊಂಡರೆ ಮುಖದಲ್ಲಿ ಗಾಯ ಎಲ್ಲೆಲ್ಲಿದೆ, ನನಗೇ ಗೊತ್ತಿಲ್ಲದ್ದು ಇನ್ನೂ ಎಷ್ಟಿದೆ ಎಂಬ ಪೂರ್ತಿ ಪಟ್ಟಿ ಉರಿಯಲ್ಲೇ ಸಿಗುತ್ತದೆ.

ನನ್ನನ್ನು ದಾರಿಗೆ ತಂದದ್ದು ನಮ್ಮ ಬೀದಿಯ ಸಲೂನಿನವರು. ತಲೆಗೂದಲು ಕತ್ತರಿಸಿಕೊಳ್ಳಲು ಹೋದಾಗ ಕುತ್ತಿಗೆಯ ಗೀರುಗಳನ್ನು ನೋಡಿ ವಿಚಾರಿಸಿದರು. ಹೇಳಿದೆ. ಅವರಿಗೆ ನಗು ಬಂದರೂ ತಡೆದುಕೊಂಡು, ಕೆಳಗಿನಿಂದ ಮೇಲಕ್ಕೆ ಬೆರಳಾಡಿಸಿದರು. 'ಸಾರ್, ಎಡಗಡೆ ಇಲ್ಲಿ ನಿಮಗೆ ಸುಳಿ ಇದೆ. ಎಲ್ಲಾ ಕಡೆ ಕೂದಲು ಕೆಳಕ್ಕೆ ಮಲಗಿದ್ರೆ ಇಲ್ಲಿ ಕಿವಿ ಕಡೆ ಮಲಗುತ್ತೆ. ನೀವು ಎದುರಿಗೆ ಎಳೀತಿದೀರಿ, ಅದಕ್ಕೇ ಕೀಳುತ್ತೆ.' ನೆತ್ತಿಯ ಸುಳಿ ಗೊತ್ತು, ಎತ್ತು ಕೊಳ್ಳುವಾಗ ನೋಡುವ ಸುಳಿಯೂ ಗೊತ್ತು. ಐವತ್ತೈದು ವರ್ಷ ನನ್ನದೇ ಆಗಿದ್ದ ಕುತ್ತಿಗೆಯಲ್ಲಿ ಒಂದು ಸುಳಿ ಇರುವುದು ಗೊತ್ತಿರಲಿಲ್ಲ. ಒಂದು ಮಾತು ಹೆಚ್ಚಿಗೆ ಹೇಳಿದರು: 'ಕೈ ಭಾರ ಬಿಡಬೇಡಿ ಸಾರ್. ಕತ್ತಿಗೇ ತೂಕ ಇದೆಯಲ್ಲ, ಅದರಷ್ಟಕ್ಕೆ ಬಿಡಿ.'

ಅವರು ಬಳಸುವುದೂ ಅದೇ ಬ್ಲೇಡು. ಹಳೆಯ ಕಾಲದ ಮಡಚು ಕತ್ತಿಯ ಆಕಾರ ಉಳಿದಿದೆ, ಬಾಯಿ ಮಾತ್ರ ಬದಲಾಗಿದೆ. ಎಚ್‌ಐವಿ ಭಯ ಹಬ್ಬಿದ ದಿನಗಳ ನಂತರ ಗಿರಾಕಿಗಳೇ ಹೊಸ ಬ್ಲೇಡು ಹಾಕಿ ಎಂದು ಕೇಳಲು ಶುರುಮಾಡಿದರು. ಪೊಟ್ಟಣ ಬಿಚ್ಚುವ ಮೊದಲೇ ಕಾಗದದ ಸಮೇತ ಬ್ಲೇಡನ್ನು ಉದ್ದಕ್ಕೆ ಬಾಗಿಸಿ 'ಟಪ್' ಎಂದು ಎರಡು ಮಾಡುತ್ತಾರೆ. ಕಾಗದದೊಳಗೇ ಮುರಿಯುವುದರಿಂದ ಕೈಗೆ ತಾಗುವುದಿಲ್ಲ. ಅರ್ಧ ನನಗೆ, ಇನ್ನರ್ಧ ಮುಂದಿನವರಿಗೆ. ಮಂಗಳವಾರ ರಜೆಯಾದ್ದರಿಂದ ಸೋಮವಾರ ಸಂಜೆ ಅರ್ಧ ಉಳಿದರೆ ತಮ್ಮ ಗಡ್ಡಕ್ಕೇ ಬಳಸುತ್ತಾರಂತೆ.

ಈಗ ನನ್ನ ಕ್ರಮ ಹೀಗಿದೆ. ಬಿಸಿನೀರಲ್ಲಿ ಮುಖ ತೊಳೆದು ಎರಡು ನಿಮಿಷ ಒದ್ದೆ ಟವೆಲು ಒತ್ತಿಕೊಳ್ಳುತ್ತೇನೆ, ನೀರು ಕುಡಿದ ಕೂದಲು ಮೆತ್ತಗಾಗುತ್ತದೆ. ಬ್ರಷ್ಷಿನಲ್ಲಿ ನೊರೆ ಎಬ್ಬಿಸುತ್ತೇನೆ. ಆತುರಪಟ್ಟರೆ ಬರೀ ಗುಳ್ಳೆ, ಸಾವಕಾಶವಾಗಿ ತಿರುವಿದರೆ ಹದವಾದ ಇಡ್ಲಿ ಹಿಟ್ಟಿನ ಹಾಗೆ ಬರುತ್ತದೆ. ಆಮೇಲೆ ಮೊದಲ ಉಕ್ಕೆ, ಕೂದಲು ಮಲಗಿದ ಕಡೆಗೆ. ಮತ್ತೆ ನೊರೆ, ಎರಡನೇ ಉಕ್ಕೆ, ಅಡ್ಡಕ್ಕೆ. ಉಳುವವರು ಹೊಲಕ್ಕೆ ಹೊಡೆಯುವ ಹಾಗೆ. ರೇಜರು ಕೆನ್ನೆಗೆ ಸರಿಯಾದ ಓರೆಯಲ್ಲಿ ಕೂತಿದೆಯೋ ಇಲ್ಲವೋ ಕಿವಿಯೇ ಹೇಳುತ್ತದೆ. ಕೂತಿದ್ದರೆ ಒಣಗಿದ ಸೋಗೆಯ ಮೇಲೆ ಬೆರಳಾಡಿಸಿದಂಥ ಸಣ್ಣ ಚರಚರ, ತಪ್ಪಿದರೆ ಮೌನ. ಐದಲಗಿನದು ಇಷ್ಟು ವರ್ಷ ಏನೂ ಮಾತಾಡಿರಲಿಲ್ಲ. ಸುಳಿಯ ಹತ್ತಿರ ಬಂದಾಗ ಮಾತ್ರ ಈಗಲೂ ಉಸಿರು ಹಿಡಿಯುತ್ತೇನೆ. ಬಚ್ಚಲಲ್ಲಿ ರೇಡಿಯೋ ಹಾಕುವುದನ್ನು ಬಿಟ್ಟಿದ್ದೇನೆ. ಬೇರೆ ಯಾವ ಯೋಚನೆಯನ್ನೂ ಜೊತೆಗೆ ಮಾಡಲಾಗದ ಹನ್ನೆರಡು ನಿಮಿಷ ದಿನಬಿಟ್ಟು ದಿನ ಸಿಗುತ್ತದೆ, ಅದೂ ಪೂಜೆ, ಧ್ಯಾನ ಅಂತ ಯಾರಿಗೂ ಲೆಕ್ಕ ಕೊಡುವ ಹಾಗಿಲ್ಲದೆ.

ಈ ರೇಜರಿನ ಮೂಲಪುರುಷನ ಕಥೆ ಓದಿದಾಗ ನನಗೆ ನಗು ಬಂತು. ಕಿಂಗ್ ಕ್ಯಾಂಪ್ ಜಿಲೆಟ್, ಅಮೆರಿಕದವನು, 1855ರಲ್ಲಿ ಹುಟ್ಟಿದವನು, ಬಾಟಲಿ ಮುಚ್ಚಳ ಮಾರುವ ಕಂಪನಿಯ ಸೇಲ್ಸ್‌ಮನ್. ಮುಚ್ಚಳ ಕಂಡುಹಿಡಿದ ವಿಲಿಯಂ ಪೇಂಟರ್ ಅವನಿಗೆ ಕೊಟ್ಟ ಉಪದೇಶ, ಒಮ್ಮೆ ಬಳಸಿ ಎಸೆಯುವಂಥದ್ದು ಏನಾದರೂ ಮಾಡು, ಗಿರಾಕಿ ಮತ್ತೆ ಮತ್ತೆ ಬರುತ್ತಾನೆ ಎಂದು. 1895ರಲ್ಲಿ ಒಂದು ಬೆಳಗ್ಗೆ ಮೊಂಡು ಕತ್ತಿ ಹಿಡಿದು ಕನ್ನಡಿ ಮುಂದೆ ನಿಂತಾಗ ಅವನಿಗೆ ಆ 'ಏನಾದರೂ' ಹೊಳೆಯಿತು. ಅಷ್ಟು ತೆಳು ಉಕ್ಕಿಗೆ ಹದ ಕೊಟ್ಟು ಅಂಚು ಕೂರಿಸುವುದು ಆಗದ ಮಾತು ಎಂದು ತಿಳಿದವರೆಲ್ಲ ಹೇಳಿದರು. ಕೊನೆಗೆ ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್ ಅದನ್ನು ಸಾಧಿಸಿಕೊಟ್ಟ. 1903ರಲ್ಲಿ ವ್ಯಾಪಾರ ಶುರುವಾಯಿತು. ಮೊದಲ ವರ್ಷ ಮಾರಿದ್ದು 51 ರೇಜರ್, 168 ಬ್ಲೇಡು. ನಮ್ಮೂರ ಸಂತೆಯಲ್ಲಿ ಕಡ್ಲೆಪುರಿ ಮಾರುವವರೂ ಇದಕ್ಕಿಂತ ಚೆನ್ನಾಗಿ ಮಾರಿರುತ್ತಾರೆ. ಮರುವರ್ಷ ರೇಜರುಗಳೇ 90,000 ದಾಟಿದವು. ಒಂದನೇ ಮಹಾಯುದ್ಧಕ್ಕೆ ಹೊರಟ ತನ್ನ ಸೈನಿಕರಿಗೆಂದು ಅಮೆರಿಕ ಸರ್ಕಾರ 35 ಲಕ್ಷ ರೇಜರು ಕೊಂಡಿತು. ಗಡ್ಡವಿದ್ದರೆ ವಿಷಾನಿಲದ ಮುಖವಾಡ ಮುಖಕ್ಕೆ ಸರಿಯಾಗಿ ಕೂರುವುದಿಲ್ಲ.

ಬ್ಲೇಡಿನ ಪೊಟ್ಟಣದ ಮೇಲೆ ಇರುತ್ತಿದ್ದುದು ಅವನದೇ ಚಿತ್ರ, ದಟ್ಟ ಮೀಸೆ ಸಮೇತ. ಲೋಕದ ಮುಖವನ್ನೆಲ್ಲ ನುಣ್ಣಗೆ ಮಾಡಲು ಹೊರಟವನು ತನ್ನ ಮೀಸೆಯನ್ನು ಮಾತ್ರ ಮುಟ್ಟಲಿಲ್ಲ. ಇನ್ನೊಂದು ಸ್ವಾರಸ್ಯ ಉಂಟು. ರೇಜರು ಹೊಳೆಯುವ ಒಂದು ವರ್ಷ ಮೊದಲು, 1894ರಲ್ಲಿ, ಅವನು ಒಂದು ಪುಸ್ತಕ ಬರೆದಿದ್ದ. ವ್ಯಾಪಾರದ ಪೈಪೋಟಿಯೇ ಎಲ್ಲ ಕೇಡಿನ ಬೇರು, ಎಲ್ಲರೂ ನಯಾಗರ ಜಲಪಾತದ ವಿದ್ಯುತ್ತಿನಲ್ಲಿ ನಡೆಯುವ ಒಂದೇ ಮಹಾನಗರದಲ್ಲಿ ಸಮಾನರಾಗಿ ಬದುಕಬೇಕು ಎಂದು. ಅಂಥ ಕನಸಿನವನಿಗೆ ಲಕ್ಷ್ಮಿ ಒಲಿದದ್ದು ಎಸೆಯುವ ತಗಡಿನಲ್ಲಿ. ಕೊನೆಗಾಲಕ್ಕೆ ಆ ಸಂಪತ್ತಿನಲ್ಲಿ ಬಹುಪಾಲು ಕರಗಿಹೋಗಿ 1932ರಲ್ಲಿ ತೀರಿಕೊಂಡ.

ನನಗೆ ನಗು ಬಂದದ್ದು ಇದಕ್ಕೆ: 'ಎಸೆಯುವುದು' ಎಂಬುದನ್ನು ಜಗತ್ತಿಗೆ ಕಲಿಸಿದ ಆ ಮನುಷ್ಯನ ರೇಜರನ್ನೇ ನಾವೀಗ 'ಎಸೆಯದೆ ಬಾಳಿಸುವ ವಸ್ತು' ಎಂದು ಹೊಗಳಿ ಕೊಳ್ಳುತ್ತಿದ್ದೇವೆ. ಅವನು ಎಸೆಯಿರಿ ಎಂದದ್ದು ಮುಕ್ಕಾಲು ಗ್ರಾಮಿಗೂ ಕಡಿಮೆ ತೂಕದ ಉಕ್ಕಿನ ಎಲೆಯನ್ನು. ಉಳಿದವರು ಹಿಡಿ, ತಲೆ, ರಬ್ಬರು, ಜಾರುಪಟ್ಟಿ ಎಲ್ಲವನ್ನೂ ಅದಕ್ಕೆ ಸೇರಿಸಿ ಎಸೆಯಲು ಕಲಿಸಿದರು. ಅವನ ಮೊದಲ ಕಾಲದ ರೇಜರು ಯಾರದಾದರೂ ಮನೆಯ ಅಟ್ಟದಲ್ಲಿ ಇವತ್ತು ಸಿಕ್ಕರೆ, ಮೂಲೆಯ ಪ್ರಾವಿಜನ್ ಸ್ಟೋರಿನಲ್ಲಿ ನಿನ್ನೆ ಕೊಂಡ ಬ್ಲೇಡು ಅದಕ್ಕೆ ಅಚ್ಚುಕಟ್ಟಾಗಿ ಕೂರುತ್ತದೆ. ಬ್ಲೇಡಿನ ನಡುವಿನ ಆ ಅಂಕುಡೊಂಕು ಕಿಂಡಿ ಇಂದಿಗೂ ಹಳೆಯ ಮೊಳೆಗಳಿಗೆ ಹೊಂದುತ್ತದೆ. ಮೂರು ವರ್ಷದ ಹಿಂದಿನ ನನ್ನ ಫೋನಿನ ಚಾರ್ಜರ್ ಈ ವರ್ಷದ ಫೋನಿಗೆ ಹೊಂದುವುದಿಲ್ಲ. ಗುಜರಿಗೆ ಹೋದ ಅಪ್ಪನ ಹಿತ್ತಾಳೆ ನೆನಪಾಗಿ ಸ್ವಲ್ಪ ಹೊತ್ತು ನಗು ನಿಂತಿತು.

ಕೂದಲು ಉಕ್ಕನ್ನು ಹೇಗೆ ಮೊಂಡು ಮಾಡುತ್ತದೆ ಎಂಬ ಪ್ರಶ್ನೆ ಅಪ್ಪನಿಗೂ ಇತ್ತು. ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗದ ಗುರುತು ಬೀಳುವ ಹಾಗೆ ಸವೆಯುತ್ತದೆ ಎಂದು ಅವರ ತೀರ್ಮಾನ. 2020ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಇದನ್ನೇ ಹುಡುಕಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಅವರಲ್ಲೊಬ್ಬ ತನ್ನ ಗಡ್ಡವನ್ನೇ ಹೆರೆದುಕೊಂಡು, ಪ್ರತಿ ಸಲವೂ ಬ್ಲೇಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. ಕೂದಲಿಗಿಂತ ಉಕ್ಕು ಸುಮಾರು 50 ಪಟ್ಟು ಗಟ್ಟಿ. ಆದರೂ ಕೂದಲು ಓರೆಯಾಗಿ ಬಾಗಿಕೊಂಡು ಅಲಗಿನ ಯಾವುದೋ ಅಳ್ಳಕವಾದ ಜಾಗಕ್ಕೆ ತಗುಲಿದರೆ ಅಲ್ಲಿ ಸಣ್ಣ ಹಲ್ಲು ಮುರಿದಂತೆ ಚಕ್ಕೆ ಎದ್ದುಹೋಗುತ್ತದೆ. ಒಂದು ಚಕ್ಕೆ ಹೋದ ಕಡೆ ಇನ್ನಷ್ಟು. ಅಂದರೆ ಸವೆತಕ್ಕಿಂತ ಹೆಚ್ಚಾಗಿ ಹಲ್ಲು ಮುರಿತ. ಅಪ್ಪ ಇದ್ದಿದ್ದರೆ ಹೇಳಬಹುದಿತ್ತು. ಮೇಷ್ಟ್ರಿಗೆ ತಪ್ಪು ತಿದ್ದಿದರೆ ಖುಷಿಯಾಗುತ್ತಿತ್ತು, ತಿದ್ದಿದವನು ಮಗನಾಗಿರದಿದ್ದರೆ.

ಎಂಐಟಿ ಅಂದಾಗ ಇನ್ನೊಂದು ಸಂಗತಿ. ಜಿಲೆಟ್ ಕಂಪನಿ ಭಾರತಕ್ಕೆಂದು ಒಂದು ರೇಜರು ಮಾಡಿದಾಗ ಅದನ್ನು ಪರೀಕ್ಷಿಸಿದ್ದು ಅಲ್ಲಿ ಓದುತ್ತಿದ್ದ ಭಾರತದ ಹುಡುಗರ ಮೇಲೆ. ಹುಡುಗರು ಮೆಚ್ಚಿದರು. ಇಲ್ಲಿ ಅದು ಸೋತಿತು. ಅಲ್ಲಿಯ ಹುಡುಗರಿಗೆ ನಲ್ಲಿಯಲ್ಲಿ ಧಾರೆಯಾಗಿ ನೀರು ಬರುತ್ತಿತ್ತು. ಇಲ್ಲಿಯವರು ನೆಲದ ಮೇಲೆ ಕೂತು ಒಂದು ಲೋಟ ನೀರಿನಲ್ಲಿ ಗಡ್ಡ ಮಾಡುವವರು. ಲೋಟದಲ್ಲಿ ಅದ್ದಿದರೆ ಅಲಗುಗಳ ನಡುವೆ ಸಿಕ್ಕ ಕೂದಲು ಬಿಡುತ್ತಿರಲಿಲ್ಲ. ಆಮೇಲೆ ಕಂಪನಿಯವರು ಇಲ್ಲಿಗೇ ಬಂದು, ಮನೆಮನೆಯಲ್ಲಿ ಕೂತು ನೋಡಿ, ಸುಲಭವಾಗಿ ತೊಳೆಯುವ ಒಂದಲಗಿನ ಹೊಸ ರೇಜರನ್ನು 2010ರಲ್ಲಿ ಬಿಟ್ಟರು. ರೇಜರಿಗೆ 15 ರೂಪಾಯಿ, ಬದಲಿ ತುದಿಗೆ 5. ನಮ್ಮ ಜಗಲಿಗೆ ಬಂದಿದ್ದರೆ ಪೆನ್ಸಿಲ್ ಹೆರೆಯುತ್ತ ಕೂತಿದ್ದ ಹುಡುಗನೇ ಹೇಳಿರುತ್ತಿದ್ದ: ಒಂದು ಚೊಂಬು ನೀರು, ಎರಡು ಸಲ ಅಲ್ಲಾಡಿಸಿದರೆ ಚೊಕ್ಕ.

ಉಳಿತಾಯದ ಮಾತು. ಬ್ಲೇಡಿಗೆ ಮೂರು ರೂಪಾಯಿಯಿಂದ ಏಳೆಂಟು ರೂಪಾಯಿ, ಒಂದರಲ್ಲಿ ಐದಾರು ಗಡ್ಡ. ಲೆಕ್ಕ ಹಾಕಿದರೆ ಮೊದಲ ವರ್ಷವೇ ರೇಜರಿನ ಅಸಲು ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಏಕೆಂದರೆ ಮಧ್ಯವಯಸ್ಸಿನ ಗಂಡಸಿಗೆ ಹೊಸ ಹವ್ಯಾಸ ಹತ್ತಿದರೆ ಏನಾಗಬೇಕೋ ಅದೇ ಆಯಿತು. ಶ್ರೀಗಂಧದ ಸೋಪು, ಬೇವಿನ ಸೋಪು, ಬ್ರಷ್ಷು ತೂಗುಹಾಕಲು ಒಂದು ಸ್ಟ್ಯಾಂಡು, ನೊರೆ ಎಬ್ಬಿಸಲು ಪಿಂಗಾಣಿ ಬಟ್ಟಲು. ಜಪಾನಿನ ಸೆಕಿ ಎಂಬ ಊರಲ್ಲಿ ತಲೆತಲಾಂತರದಿಂದ ಖಡ್ಗ ಮಾಡುತ್ತ ಬಂದಿದ್ದಾರೆ, ಫೆದರ್ ಬ್ಲೇಡು ಅಲ್ಲಿಯದು ಎಂದು ತಿಳಿದ ಮೇಲೆ ಅದನ್ನೂ ತರಿಸಿದೆ. ನನ್ನ ಸುಳಿಯ ಮೇಲೆ ಅದು ಸಮುರಾಯಿಯ ಹಾಗೇ ನಡೆದುಕೊಂಡಿತು. ಈಗ ಮೂಲೆಯ ಅಂಗಡಿಯ ಸೆವೆನ್ ಓ ಕ್ಲಾಕಿಗೆ ವಾಪಸು. ಪ್ಲಾಸ್ಟಿಕ್ ತಪ್ಪಿಸಿದೆ ಎಂದು ಬೀಗುವ ಹಾಗೂ ಇಲ್ಲ. ಇವೆಲ್ಲ ಬಂದದ್ದು ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ಕು ಸುತ್ತಿಕೊಂಡೇ. ಅಪ್ಪ ಒಂದು ಪ್ಲಾಸ್ಟಿಕ್ ರೇಜರನ್ನು ಮೂರು ತಿಂಗಳು ಬಾಳಿಸಿದ್ದರಲ್ಲ, ಭೂಮಿಗೆ ಅವರಷ್ಟು ಹಗುರಾಗಲು ನನ್ನ ಲೋಹದ ರೇಜರಿಗೆ ಇನ್ನೂ ಬಹಳ ಗಡ್ಡ ಬೇಕು.

ಇದನ್ನು ಮಗನಿಗೆ ದಾಟಿಸೋಣವೆಂದರೆ ಅವನು 'ಕೆಜಿಎಫ್' ಸಿನಿಮಾ ಬಂದಾಗಿನಿಂದ ಗಡ್ಡ ಬಿಟ್ಟಿದ್ದಾನೆ. ಅದಕ್ಕೆ ಎಣ್ಣೆಯಂತೆ, ಬಾಚಣಿಗೆಯಂತೆ. ರೇಜರ್ ತೋರಿಸಿದರೆ 'ಚೆನ್ನಾಗಿದೆ ಅಪ್ಪ, ವಿಂಟೇಜ್' ಎಂದ. ಅಮ್ಮನ ಕೈಗೆ ಕೊಟ್ಟೆ. ಬ್ಲೇಡು ತೆಗೆದೇ ಕೊಟ್ಟೆ. ಎಂಬತ್ತರ ಮೇಲಿನ ಕೈ, ಸ್ವಲ್ಪ ನಡುಗುತ್ತದೆ. ಅಂಗೈಯಲ್ಲಿ ಇಟ್ಟುಕೊಂಡು ಎರಡು ಸಲ ಮೇಲೆ ಕೆಳಗೆ ಆಡಿಸಿ ತೂಕ ನೋಡಿದಳು. 'ನಮ್ಮಪ್ಪ ಕೊಟ್ಟಿದ್ದು ಇದಕ್ಕಿಂತ ಭಾರ ಇತ್ತು' ಎಂದು ವಾಪಸು ಕೊಟ್ಟಳು. ಆ ಲೆಕ್ಕಕ್ಕೆ ಇನ್ನೊಂದು ಸೇರಿಸಿಕೊಂಡೆ.

ಹಳೇ ಬ್ಲೇಡನ್ನು ಕಸಕ್ಕೆ ಹಾಕುವಂತಿಲ್ಲ. ಪೌರಕಾರ್ಮಿಕರ ಕೈ ಕೊಯ್ಯುತ್ತದೆ. ಅಮೆರಿಕದಲ್ಲಿ ಹಿಂದೆ ಬಚ್ಚಲುಮನೆಯ ಕನ್ನಡಿ ಕಪಾಟಿನ ಹಿಂಬದಿಯಲ್ಲಿ ಸಣ್ಣ ಸೀಳು ಇಟ್ಟಿರುತ್ತಿದ್ದರಂತೆ, ಅದರೊಳಗೆ ತೂರಿಸಿದ ಬ್ಲೇಡು ಗೋಡೆಯ ಪೊಳ್ಳಿನೊಳಗೆ ಬಿದ್ದುಬಿಡುತ್ತಿತ್ತು. ಹಳೆಯ ಮನೆ ಕೆಡವಿದಾಗ ಗೋಡೆಯೊಳಗಿಂದ ತುಕ್ಕು ಹಿಡಿದ ಬ್ಲೇಡಿನ ರಾಶಿ! ನಮ್ಮ ಇಟ್ಟಿಗೆ ಗೋಡೆಗೆ ಆ ಹೊಟ್ಟೆ ಇಲ್ಲ. ಅದಕ್ಕೇ ಒಂದು ಕಂಡೆನ್ಸ್ಡ್ ಮಿಲ್ಕಿನ ಡಬ್ಬಿಯ ಮುಚ್ಚಳಕ್ಕೆ ಸ್ಕ್ರೂ ಡ್ರೈವರಿನಿಂದ ಸೀಳು ಹೊಡೆದೆ. ಒಳಗಿನ ಹಾಲು ಬಗ್ಗಿಸಿಕೊಂಡು ಅಮ್ಮ ಶಾವಿಗೆ ಪಾಯಸ ಮಾಡಿದಳು. ಡಬ್ಬಿ ತೊಳೆದು, ಒಣಗಿಸಿ ಬ್ಲೇಡಿನ ಹುಂಡಿ ಮಾಡಿಕೊಂಡೆ.

ಮೊನ್ನೆ ಭಾನುವಾರ ಗುಜರಿಯವರು ಬಂದಾಗ ಹಳೇ ಪೇಪರಿನ ಜೊತೆ ಹುಂಡಿಯನ್ನೂ ಮುಂದಿಟ್ಟೆ. ಎರಡು ವರ್ಷದ ಕೊಯ್ಲು, ಅರವತ್ತು ಬ್ಲೇಡು. ಅವರು ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ತಕ್ಕಡಿಗೆ ಹಾಕುವ ಗೋಜಿಗೂ ಹೋಗಲಿಲ್ಲ. 'ಡಬ್ಬಿ ಬಿಟ್ಟರೆ ಇದರಲ್ಲಿ ಐವತ್ತು ಗ್ರಾಂ ಕೂಡ ಇಲ್ಲ ಸಾರ್. ಮುಳ್ಳೇ ಅಲ್ಲಾಡಲ್ಲ. ತುಂಬಿದ ಮೇಲೆ ಕೊಡಿ, ತಗೊಂಡೋಗ್ತೀನಿ.'

ಅವರು ಪೇಪರು ಕಟ್ಟುತ್ತಿದ್ದಾಗ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಡಬ್ಬಿ ಏನಿಲ್ಲವೆಂದರೂ ಸಾವಿರ ಬ್ಲೇಡು ಹಿಡಿದೀತು. ವರ್ಷಕ್ಕೆ ಮೂವತ್ತರಂತೆ ಇನ್ನೂ ಮೂವತ್ತೊಂದು ವರ್ಷ. ಆಗ ನನಗೆ ಎಂಬತ್ತೆಂಟು. 'ಆಗಲಿ, ತುಂಬಿದ ಮೇಲೆ ಕರೀತೀನಿ' ಎಂದು ಅವರ ಫೋನ್ ನಂಬರ್ ಬರೆದುಕೊಂಡೆ.